ಥೋರಿಯಂ ಇಷ್ಟೊಂದು ಇದ್ದರೂ ಕೈಗಾ ಅಣು ವಿದ್ಯುತ್ ಸ್ಥಾವರದಲ್ಲಿ ಯುರೇನಿಯಂ ಯಾಕೆ?

ಪಡುಬಿದ್ರಿ ಹತ್ತಿರ ಹಡಗಿನಲ್ಲಿ ಬಂದ ಕಲ್ಲಿದ್ದಲು ಉರಿಯುವುದನ್ನು ನೋಡುವ ನಮ್ಮ ಉಡುಪಿಯವರಿಗೆ ಈ ಪ್ರಶ್ನೆ ಬರುವುದು ಸಹಜ. ಮಂಗಳೂರಿನಿಂದ ರೈಲು ಹತ್ತಿದರೆ ಸಿಗುವ ಕೊಲ್ಲಂ ಕಡೆಯ ಕಪ್ಪು ಮರಳಿನಲ್ಲೇ ಥೋರಿಯಂ ಎಂಬ ಅಣು ಇಂಧನದ ಲೋಹ ಇದೆ, ಅಲ್ವಾ?

ಆದರೆ ಥೋರಿಯಂ ಹಸಿ ಸೌದೆಯ ಹಾಗೆ, ತಾನಾಗಿ ಹೊತ್ತಿಕೊಳ್ಳುವುದಿಲ್ಲ. ಮೊದಲು ಯುರೇನಿಯಂ ಅಥವಾ ಪ್ಲುಟೋನಿಯಂ ಅದಕ್ಕೆ ನ್ಯೂಟ್ರಾನ್ ಕೊಡಬೇಕು. ನ್ಯೂಟ್ರಾನ್ ನುಂಗಿದ ಥೋರಿಯಂ-232 ಪ್ರೊಟಾಕ್ಟಿನಿಯಂ-233 ಆಗುತ್ತದೆ. ಅದರ ಅರ್ಧಾಯುಷ್ಯ, ಅಂದರೆ ಅರ್ಧದಷ್ಟು ಬದಲಾಗಲು ಬೇಕಾದ ಸಮಯ, ಸುಮಾರು 27 ದಿನ. ಆಮೇಲೆ ಸಿಗುವ ಯುರೇನಿಯಂ-233 ನಿಜವಾದ ಇಂಧನ. ಜೊತೆಗೆ ಒಂಚೂರು ಯುರೇನಿಯಂ-232 ಕೂಡ ಹುಟ್ಟುತ್ತದೆ. ಅದು ಕ್ಷಯಿಸುತ್ತಾ ಹೋದಂತೆ ಜೋರು ಗಾಮಾ ಕಿರಣ ಬರುತ್ತದೆ. ಹಾಗಾಗಿ ಹೊಸ ಇಂಧನ ಕಡ್ಡಿ ಮಾಡುವ ಕೆಲಸವೆಲ್ಲ ದಪ್ಪ ಗೋಡೆಯ ಆಚೆ, ಯಂತ್ರದ ಕೈಯಿಂದಲೇ ಆಗಬೇಕು. ಖರ್ಚು ಜಾಸ್ತಿ. ನನ್ನ ಪ್ರಕಾರ ದೊಡ್ಡ ತಲೆನೋವು ಇದೇ.

ಲಾಭವೂ ಸುಳ್ಳಲ್ಲ. ಪ್ಲುಟೋನಿಯಂನಂಥ ಬಹುಕಾಲದ ವಿಕಿರಣ ಕಸ ಕಡಿಮೆ. ಥೋರಿಯಂ ಆಕ್ಸೈಡ್ ಬಿಸಿಯನ್ನು ಚೆನ್ನಾಗಿ ತಾಳುತ್ತದೆ. ಆದರೆ ‘ಕಸವೇ ಇಲ್ಲ’ ಎನ್ನುವ ವಾಟ್ಸಾಪ್ ಮಾತೆಲ್ಲ ಸುಮ್ನೆ.

ಕಲ್ಪಾಕ್ಕಂನಲ್ಲಿ 1996ರಲ್ಲಿ ಶುರುವಾದ ‘ಕಾಮಿನಿ’ ಎಂಬ ಪುಟ್ಟ ರಿಯಾಕ್ಟರ್‌ನ ಇಂಧನ ಯುರೇನಿಯಂ-233. ಸಾಮರ್ಥ್ಯ 30 ಕಿಲೋವ್ಯಾಟ್, ಅದೂ ಸಂಶೋಧನೆಗೆ. ಕೈಗಾದ ಒಂದೊಂದು ಘಟಕವೂ 220 ಮೆಗಾವ್ಯಾಟ್!