ಶಿರಸಿಯ ತಮ್ಮನಿಗೆ, ಕಾರವಾರದ ಅಂಕಲ್ ಬಗ್ಗೆ

ತಮ್ಮಾ, ನಿನ್ನ ಪ್ರಶ್ನೆ ಓದಿದೆ. ಕುವೈತಿಗೆ ಬಂದು ಎರಡು ತಿಂಗಳು, ಶಿರಸಿಯಲ್ಲಿ ಹೆಂಡತಿ, ಮೂರು ವರ್ಷದ ಮಗಳು. ವಿಡಿಯೋ ಕಾಲ್ ಮಾಡಿದರೆ ಮಗಳು ಎರಡೇ ನಿಮಿಷಕ್ಕೆ ಎದ್ದು ಓಡುತ್ತಾಳೆ. ಸಂಸಾರ ಬಿಟ್ಟು ಇಷ್ಟು ವರ್ಷ ಹೇಗಿದ್ರಿ ಅಣ್ಣಾ ಅಂತ ಕೇಳಿದ್ದೀಯ. ಸಂಬಳ, ಬಾಡಿಗೆ, ಬಿಸಿಲು, ಇವೆಲ್ಲ ಯಾರನ್ನು ಕೇಳಿದರೂ ಹೇಳುತ್ತಾರೆ. ಇದಕ್ಕೆ ಉತ್ತರ ಹೇಳುವುದಕ್ಕೆ ನನಗಿಂತ ಬೇರೆಯವರು ಸರಿ. ಅವರು ಕಳೆದ ಮಳೆಗಾಲದಲ್ಲಿ ತೀರಿಕೊಂಡರು.

ಊರು ಕಾರವಾರ, ಕ್ರೈಸ್ತರು. ಇಲ್ಲಿ ಎಲ್ಲರಿಗೂ ಅಂಕಲ್. ನಾನು ಅಂಕೋಲೆಯವನು, ಚರ್ಚಿಗೂ ನನಗೂ ಏನೂ ಸಂಬಂಧವಿಲ್ಲ. ಬಂದ ಹೊಸದರಲ್ಲಿ ಅವರ ರೂಮಿನಲ್ಲಿ ಒಂದು ಮಂಚ ಖಾಲಿ ಇತ್ತು, ಅಷ್ಟೇ.

ಅವರ ಸಂಬಳಕ್ಕೆ ಫ್ಯಾಮಿಲಿ ವೀಸಾ ಸಿಗುತ್ತಿರಲಿಲ್ಲ. ಹೆಂಡತಿ ಮಕ್ಕಳು ಕಾರವಾರದಲ್ಲೇ. ಆಗ ಫೋನ್ ಅಂದರೆ ದುಡ್ಡು ಸುಟ್ಟ ಹಾಗೆ. ಗಲ್ಫಿನವರು ಕ್ಯಾಸೆಟ್ಟಿನಲ್ಲಿ ಮಾತು ತುಂಬಿ, ಊರಿಗೆ ಹೋಗುವವರ ಕೈಯಲ್ಲಿ ಕಳಿಸುತ್ತಿದ್ದ ಕಾಲ. ಎಲ್ಲರೂ ಚೆನ್ನಾಗಿದ್ದೀರಾ, ನಾನು ಚೆನ್ನಾಗಿದ್ದೇನೆ, ಆಮೇಲೆ ಅಳು. ಅಂಕಲ್ ಬೇರೆ ಥರ ಮಾಡಿದರು. ಅವರ ಮನೆಯಲ್ಲಿ ಸಂಜೆ ಎಲ್ಲರೂ ಸೇರಿ ಜಪಸರ ಹೇಳುತ್ತಾರೆ, ತೇರ್ಸ್ ಅನ್ನುತ್ತಾರೆ. ಪ್ರಾರ್ಥನೆಯ ಮೊದಲರ್ಧ ಒಬ್ಬರು ಹೇಳಬೇಕು, ಉಳಿದರ್ಧ ಮಿಕ್ಕವರು. ಇವರು ಆ ಮೊದಲರ್ಧವನ್ನು ಮಾತ್ರ ರೆಕಾರ್ಡ್ ಮಾಡುತ್ತಿದ್ದರು. ಒಂದು ಸಾಲು ಹೇಳಿ ಸುಮ್ಮನಾಗುವರು, ತುಟಿ ಮಾತ್ರ ಆಡುತ್ತಿತ್ತು. ಕಾರವಾರದಲ್ಲಿ ಮಕ್ಕಳು ಉತ್ತರ ಹೇಳಲು ಎಷ್ಟು ಹೊತ್ತು ಬೇಕೋ ಅಷ್ಟು ಬಿಟ್ಟು ಮುಂದಿನ ಸಾಲು. ಹೀಗೆ ಐವತ್ತು ಸಲ. 60 ನಿಮಿಷದ ಕ್ಯಾಸೆಟ್ಟಿನ ಒಂದು ಬದಿಗೆ ಸರಿಯಾಗಿ ಹಿಡಿಯುತ್ತಿತ್ತು. ಜಪಸರ ಹೇಳುವಾಗ ನೆನೆಯುವ ಯೇಸು, ಮರಿಯಳ ಬದುಕಿನ ಘಟನೆಗಳಿಗೆ ರಹಸ್ಯ ಅನ್ನುತ್ತಾರೆ. ವಾರದ ದಿನ ನೋಡಿ ಸಂತೋಷದ, ದುಃಖದ, ಮಹಿಮೆಯ ರಹಸ್ಯ ಅಂತ ಆಗ ಮೂರು ಬಗೆ, ಹಾಗಾಗಿ ಮೂರು ಕ್ಯಾಸೆಟ್. ಇನ್ನೊಂದು ಬದಿಯಲ್ಲಿ ಮಗ್ಗಿ ಕೇಳುವುದು. ಹದಿಮೂರೇಳಲಿ? ಅಂತ ಕೇಳಿ ಮತ್ತೆ ಸುಮ್ಮನೆ ಕೂರುವರು. ರೂಮಿನಲ್ಲಿ ಯಾರಾದರೂ ಕೆಮ್ಮಿದರೆ ಟೇಪ್ ಹಿಂದೆ ಸುತ್ತಿ ಮೊದಲಿನಿಂದ ಶುರು. ನಮಗೆಲ್ಲ ಸಿಟ್ಟು ಬರುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಟೇಪ್ ಸವೆದು ಅಪ್ಪನ ಧ್ವನಿ ಎಳೆದ ಹಾಗೆ ಕೇಳುತ್ತದೆ ಅಂತ ಮಗಳು ಪತ್ರ ಬರೆದರೆ ಹೊಸದು ಮಾಡಿ ಕಳಿಸುವರು.

ಸಂತ ಅಂತ ತಿಳ್ಕೋಬೇಡ. ಸಾರಿನಲ್ಲಿ ತನಗೆ ಬಂಗಡೆ ತುಂಡು ಕಮ್ಮಿ ಬಿದ್ದರೆ ಮುಖ ಊದಿಸಿಕೊಳ್ಳುತ್ತಿದ್ದ ಮನುಷ್ಯ.

1990ರ ಆಗಸ್ಟ್ 2ಕ್ಕೆ ಇರಾಕಿನ ಸೈನ್ಯ ಬಂತು. ಎಲ್ಲ ಬಿಟ್ಟು ಬಾಗ್ದಾದ್ ಮೇಲೆ ಜೋರ್ಡಾನಿಗೆ. ಅಲ್ಲಿನ ರಾಜಧಾನಿ ಅಮ್ಮಾನಿನಿಂದ ಏರ್ ಇಂಡಿಯಾ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಊರಿಗೆ ತಂದಿತು. ಅಲ್ಲಿ ವಿಮಾನಕ್ಕೆ ಕಾಯುವಾಗ ಅಂಕಲ್ ನೋಟ್‌ಬುಕ್ಕಿನಲ್ಲಿ ನಮ್ಮ ಜಿಲ್ಲೆಯವರ ಪಟ್ಟಿ ಮಾಡಿದರು. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ. ಯಾರು ಬಂದರು, ಯಾರು ಇನ್ನೂ ಬಂದಿಲ್ಲ. ಯುದ್ಧ ಮುಗಿದ ಮೇಲೆ ವಾಪಸ್ ಬಂದರು, ಸೊನ್ನೆಯಿಂದ ಶುರು ಮಾಡಿದರು.

ಇಲ್ಲಿ ರಜೆ ಶುಕ್ರವಾರ, ಹಾಗಾಗಿ ಭಾನುವಾರದ ಪೂಜೆಯ ಗದ್ದಲವೆಲ್ಲ ಶುಕ್ರವಾರವೇ. ಕುವೈತ್ ಸಿಟಿಯ ಹೋಲಿ ಫ್ಯಾಮಿಲಿ ಕೆಥೆಡ್ರಲ್‌ನಲ್ಲಿ ಇಂಗ್ಲಿಷ್, ಅರಬಿ, ಮಲಯಾಳಂ, ಕೊಂಕಣಿ, ಟಗಾಲೊಗ್ ಅಂತ ಒಂದರ ಹಿಂದೆ ಒಂದು. ಒಂದು ಭಾಷೆಯವರು ಹೊರಗೆ ಬಂದರೆ ತಾನೇ ಇನ್ನೊಂದು ಭಾಷೆಯವರು ಒಳಗೆ ಹೋಗೋದು? ಅಂಕಲ್ ಬಾಗಿಲಲ್ಲಿ ನಿಂತು ಜನ ಸಾಗಿಸುವರು, ಬೈಬಲ್ ಪಾಠ ಓದುವರು. ಆದರೆ ಅವರ ದೊಡ್ಡ ಕೆಲಸ ಇದ್ದದ್ದು ಹೊರಗೆ. ಯಾರಾದರೂ ಇಲ್ಲಿ ತೀರಿಕೊಂಡರೆ ಮರಣ ಪತ್ರ, ಕಂಪನಿಯ ಕಾಗದ, ರಾಯಭಾರ ಕಚೇರಿಯಲ್ಲಿ ಪಾಸ್‌ಪೋರ್ಟ್ ರದ್ದು, ಒಪ್ಪಿಗೆ ಪತ್ರ, ಆಮೇಲೆ ವಿಮಾನದ ಕಾರ್ಗೋ. ದೇಹ ಗೋವಾಕ್ಕೆ ಇಳಿದು ಆಂಬುಲೆನ್ಸ್ ಗಡಿಯ ಮಾಜಾಳಿ ಚೆಕ್‌ಪೋಸ್ಟ್ ದಾಟಿತು ಅಂತ ಫೋನ್ ಬರುವವರೆಗೆ ಇವರು ಮಲಗುತ್ತಿರಲಿಲ್ಲ. ಸತ್ತವನು ಹಿಂದೂನೋ ಮುಸ್ಲಿಮನೋ ಕೇಳಿದ್ದು ನಾನು ನೋಡಿಲ್ಲ. ಅಂತ್ಯಕ್ರಿಯೆ ಹೇಗೆ ಅಂತ ಮನೆಯವರನ್ನು ಕೇಳುವಾಗ ಮಾತ್ರ.

ನಿವೃತ್ತಿಯಾಗಿ ಕಾರವಾರಕ್ಕೆ ಹೋದ ಮೇಲೂ ಸುಮ್ನೆ ಕೂರಲಿಲ್ಲ. ಚರ್ಚಿನ ಪಾಲನಾ ಮಂಡಳಿಯ ಉಪಾಧ್ಯಕ್ಷರಾದರು. ಅಧ್ಯಕ್ಷರು ಹೇಗೂ ಫಾದರ್, ಓಡಾಟವೆಲ್ಲ ಇವರದು. ಅವರು ತೀರಿಕೊಂಡಾಗ ಮಗಳು ನನಗೆ ಫೋನ್ ಮಾಡಿದ್ದಳು. ಅಪ್ಪ ಮನೆಯಲ್ಲಿ ಇರಲಿಲ್ಲ ಅಂತ ನನಗೆ ಯಾವತ್ತೂ ಅನ್ನಿಸಿಲ್ಲ ಅಂಕಲ್, ಅಂದಳು. ವರ್ಷಕ್ಕೊಮ್ಮೆ ಊರಿಗೆ ಹೋಗಿ ಚಾಕಲೇಟ್ ಹಂಚಿ ಬಂದ ನಮ್ಮಂಥವರ ಮಕ್ಕಳು ಹೀಗೆ ಹೇಳುವುದಿಲ್ಲ.

ಈಗ ನಿನ್ನ ವಿಷಯ. ದಿನಾ ಊಟ ಆಯ್ತಾ ಅಂತ ಕೇಳಿದರೆ ಮೂರು ವರ್ಷದ ಮಗು ಎದ್ದು ಓಡದೆ ಏನು ಮಾಡೀತು? ಅವಳ ದಿನದಲ್ಲಿ ಒಂದು ಕೆಲಸ ನಿನ್ನ ಪಾಲಿಗೆ ಇಟ್ಕೋ. ಮಲಗುವಾಗ ಕತೆ ಹೇಳೋದು ಅಪ್ಪನೇ, ಅಮ್ಮ ಹೇಳೋ ಹಾಗಿಲ್ಲ, ಅಂತ ಮನೆಯಲ್ಲಿ ಮಾತಾಡಿಕೊಳ್ಳಿ. ಶಿರಸಿಯಲ್ಲಿ ರಾತ್ರಿ 8 ಅಂದರೆ ಇಲ್ಲಿ ಸಂಜೆ 5:30. ಡ್ಯೂಟಿ ಇದ್ದ ದಿನಕ್ಕೆ ಮೊದಲೇ ರೆಕಾರ್ಡ್ ಮಾಡಿ ಕಳಿಸು. ನಡುವೆ ಅವಳು ಮಾತಾಡಲು ಜಾಗ ಬಿಡು.

ಇನ್ನು, ಸಿವಿಲ್ ಐಡಿ, ಅಂದರೆ ಇಲ್ಲಿನ ಸರ್ಕಾರದ ಗುರುತಿನ ಚೀಟಿ, ಕೈಗೆ ಬಂದ ಕೂಡಲೇ ಎರಡೂ ಬದಿಯ ಫೋಟೋ, ಪಾಸ್‌ಪೋರ್ಟಿನ ಪ್ರತಿ ಹೆಂಡತಿಗೆ ಕಳಿಸು. ಪಾಸ್‌ಪೋರ್ಟನ್ನು ಕಂಪನಿಯವರು ಇಟ್ಟುಕೊಳ್ಳುವಂತಿಲ್ಲ, ಕೇಳಿ ಪಡ್ಕೋ. ಈ ಶುಕ್ರವಾರ ಮಧ್ಯಾಹ್ನ ನಮ್ಮ ಮನೆಗೆ ಊಟಕ್ಕೆ ಬಾ. ಮೀನು ತಿನ್ನೋದಿಲ್ಲ ಅಂದ್ರೆ ಗುರುವಾರವೇ ಹೇಳು, ತಂಬುಳಿ ಮಾಡಿಸ್ತೇನೆ.