ಗರ್ಭಕಂಠದ ಕ್ಯಾನ್ಸರ್: ದುಗ್ಧಗ್ರಂಥಿಗೆ ಹರಡಿದೆಯೇ?

ಪ್ರಶ್ನೆ: ನನ್ನ ತಾಯಿಗೆ ಗರ್ಭಕಂಠದ ಕ್ಯಾನ್ಸರ್ ಎರಡನೇ ಹಂತದಲ್ಲಿದೆ ಎಂದಿದ್ದ ವೈದ್ಯರು, ಪೆಟ್-ಸಿಟಿ ಸ್ಕ್ಯಾನ್ ಆದ ಮೇಲೆ ‘3ಸಿ1’ ಎಂದು ಬರೆದಿದ್ದಾರೆ. ಎರಡೇ ವಾರದಲ್ಲಿ ರೋಗ ಇಷ್ಟು ಹೆಚ್ಚಿತೇ? ದುಗ್ಧಗ್ರಂಥಿಯನ್ನು (ಲಿಂಫ್ ನೋಡ್) ತೆಗೆದು ಪರೀಕ್ಷಿಸಬೇಕೇ?
– ಓದುಗರು, ಹಾಸನ

ಉತ್ತರ: ರೋಗ ಈ ಎರಡು ವಾರದಲ್ಲಿ ಉಲ್ಬಣಿಸಿತೆಂದು ದಯವಿಟ್ಟು ಭಾವಿಸಬೇಡಿ, ಕೈಯಿಂದ ಮಾಡುವ ತಪಾಸಣೆಗೆ ಸಿಗದಿದ್ದುದು ಸ್ಕ್ಯಾನಿನಲ್ಲಿ ಕಂಡಿದೆ, ಅಷ್ಟೆ. 2018ರಲ್ಲಿ ಪರಿಷ್ಕೃತವಾದ ಫಿಗೊ (ಸ್ತ್ರೀರೋಗ ಮತ್ತು ಪ್ರಸೂತಿ ತಜ್ಞರ ಅಂತರರಾಷ್ಟ್ರೀಯ ಒಕ್ಕೂಟ) ವರ್ಗೀಕರಣದಂತೆ, ಗಡ್ಡೆಯ ಗಾತ್ರ ಎಷ್ಟೇ ಇದ್ದರೂ, ಕಿಬ್ಬೊಟ್ಟೆಯ ದುಗ್ಧಗ್ರಂಥಿಗಳಿಗೆ ಮಾತ್ರ ಹರಡಿದ್ದರೆ 3ಸಿ1, ಮೇಲೆ ಹೊಟ್ಟೆಯೊಳಗಿನ ಮಹಾಪಧಮನಿಯ (ಹೃದಯದಿಂದ ಹೊರಡುವ ಮುಖ್ಯ ರಕ್ತನಾಳ) ಪಕ್ಕದ ಗ್ರಂಥಿಗಳನ್ನೂ ತಲುಪಿದ್ದರೆ 3ಸಿ2. ಜೊತೆಗೆ ‘ಆರ್’ ಅಕ್ಷರವಿದ್ದರೆ ಅದು ಸ್ಕ್ಯಾನ್ ಆಧರಿಸಿದ ನಿರ್ಣಯ. ‘ಪಿ’ ಇದ್ದರೆ ಅಂಗಾಂಶ ಪರೀಕ್ಷೆಯಿಂದ ದೃಢಪಟ್ಟದ್ದು.

ಸಿಟಿ ಮತ್ತು ಎಂಆರ್‌ಐ ಮುಖ್ಯವಾಗಿ ಗಾತ್ರವನ್ನು ನೋಡುತ್ತವೆ. ಗ್ರಂಥಿಯ ಅಡ್ಡಳತೆ 10 ಮಿ.ಮೀ. ಮುಟ್ಟಿದರೆ ಸಾಮಾನ್ಯವಾಗಿ ಅನುಮಾನ ಪಡುತ್ತಾರೆ. ಪೆಟ್ ಸ್ಕ್ಯಾನ್ ಜೀವಕೋಶಗಳು ಸಕ್ಕರೆಯನ್ನು ಹೀರುವ ತೀವ್ರತೆಯನ್ನು ತೋರಿಸುವುದರಿಂದ ಹೆಚ್ಚು ಸೂಕ್ಷ್ಮ. ಆದರೂ 5 ಮಿ.ಮೀ.ಗಿಂತ ಚಿಕ್ಕ ಹರಡುವಿಕೆ ಅದರ ಕಣ್ಣಿಗೂ ತಪ್ಪಬಹುದು, ಮತ್ತು ಕ್ಷಯ ಸಾಮಾನ್ಯವಾಗಿರುವ ನಮ್ಮ ದೇಶದಲ್ಲಿ ಕ್ಷಯಪೀಡಿತ ಗ್ರಂಥಿಯೂ ಕ್ಯಾನ್ಸರಿನಂತೆಯೇ ಹೊಳೆಯಬಹುದು. ಚಿತ್ರ ಸ್ಪಷ್ಟವಿಲ್ಲದಾಗ ಸೂಜಿಯಿಂದ ಮಾದರಿ ತೆಗೆಯುವುದು, ಕೆಲವೊಮ್ಮೆ ಲ್ಯಾಪರೊಸ್ಕೋಪಿ (ಸಣ್ಣ ರಂಧ್ರದ ಮೂಲಕ ಮಾಡುವ ಶಸ್ತ್ರಚಿಕಿತ್ಸೆ), ಉಪಯುಕ್ತ. ಎಲ್ಲರಿಗೂ ಶಸ್ತ್ರಚಿಕಿತ್ಸೆ ಬೇಕಿಲ್ಲ.

ಈ ನಿರ್ಣಯಕ್ಕೆ ಇಷ್ಟು ಮಹತ್ವವಿರುವುದು ವಿಕಿರಣದ ವ್ಯಾಪ್ತಿ ಅದರ ಮೇಲೆ ನಿಂತಿರುವುದರಿಂದ. ವಿಕಿರಣ ಮತ್ತು ಸಿಸ್‌ಪ್ಲಾಟಿನ್ ಎಂಬ ಕ್ಯಾನ್ಸರ್ ಔಷಧ 3ಸಿ1, 3ಸಿ2 ಎರಡೂ ಹಂತಗಳಿಗೆ ಮುಖ್ಯ ಚಿಕಿತ್ಸೆಯಾದರೂ, 3ಸಿ2 ಆದರೆ ವಿಕಿರಣವನ್ನು ಮೂತ್ರಪಿಂಡದ ರಕ್ತನಾಳಗಳ ಮಟ್ಟದವರೆಗಾದರೂ ವಿಸ್ತರಿಸುತ್ತಾರೆ. ಮಹಾಪಧಮನಿಯ ಪಕ್ಕದ ಗ್ರಂಥಿಗಳ ಬಗ್ಗೆ ವರದಿ ಏನು ಹೇಳುತ್ತದೆ ಎಂಬುದನ್ನು ಚಿಕಿತ್ಸೆ ಆರಂಭವಾಗುವ ಮೊದಲೇ ವಿಕಿರಣ ತಜ್ಞರಲ್ಲಿ ಕೇಳಿ ತಿಳಿದುಕೊಳ್ಳಿ.