ವಾಷಿಂಗ್ಟನ್ ರಾಜ್ಯದ ಗವರ್ನರ್ ಚುನಾವಣೆ: 261 ಮತ ಹಿಂದಿದ್ದವರು 129ರಿಂದ ಗೆದ್ದದ್ದು ಹೇಗೆ?

ನೀವು ಕೇಳಿರುವುದು ಎರಡು ವಿಷಯ. ಅಮೆರಿಕದಲ್ಲಿ ಗವರ್ನರ್ ಚುನಾವಣೆ ಪ್ರೈಮರಿಯಿಂದ (ಅಂತಿಮ ಕಣಕ್ಕೆ ಯಾರು ಹೋಗಬೇಕೆಂದು ಜನರೇ ಮೊದಲು ಆರಿಸುವ ಮತದಾನ) ಫಲಿತಾಂಶದವರೆಗೆ ಹೇಗೆ ನಡೆಯುತ್ತದೆ. ಸಿಯಾಟಲ್ ಕಡೆ ಒಮ್ಮೆ ಮೂರು ಸಲ ಎಣಿಸಿ ಗೆದ್ದವರೇ ಬದಲಾದರು ಅನ್ನುವುದು ನಿಜವೇ. ನಿಜ, 2004ರಲ್ಲಿ. ಅಲ್ಲಿ ನಮ್ಮ ಚುನಾವಣಾ ಆಯೋಗದಂತೆ ದೇಶಕ್ಕೆಲ್ಲ ಒಂದೇ ಸಂಸ್ಥೆ ಚುನಾವಣೆ ನಡೆಸುವುದಿಲ್ಲ, ರಾಜ್ಯಕ್ಕೊಂದು ಕಾನೂನು. ಆದ್ದರಿಂದ ಸಿಯಾಟಲ್ ಇರುವ ವಾಷಿಂಗ್ಟನ್ ರಾಜ್ಯವೊಂದನ್ನೇ (ರಾಜಧಾನಿ ವಾಷಿಂಗ್ಟನ್ ಅಲ್ಲ) ಹಿಡಿದು ಹೇಳುತ್ತೇನೆ. ಅಲ್ಲಿನ ಗವರ್ನರ್ ಅಧಿಕಾರದಲ್ಲಿ ನಮ್ಮ ಮುಖ್ಯಮಂತ್ರಿಗೆ ಸಮ, ಆದರೆ ಆರಿಸುವುದು ಶಾಸಕರಲ್ಲ, ಇಡೀ ರಾಜ್ಯದ ಮತದಾರರು. ಅವಧಿ 4 ವರ್ಷ.

ನಾಮಪತ್ರ ಮೇ ತಿಂಗಳಲ್ಲಿ. ಶುಲ್ಕ ಆ ಹುದ್ದೆಯ ವಾರ್ಷಿಕ ಸಂಬಳದ ಶೇ 1. ಆಗಸ್ಟ್ ಪ್ರೈಮರಿಯಲ್ಲಿ ಎಲ್ಲ ಪಕ್ಷದವರ ಹೆಸರೂ ಒಂದೇ ಮತಪತ್ರದಲ್ಲಿ ಇರುತ್ತದೆ, ಯಾವ ಪಕ್ಷವೇ ಆಗಲಿ ಮೊದಲ ಇಬ್ಬರು ನವೆಂಬರ್‌ಗೆ ಹೋಗುತ್ತಾರೆ. ಪಕ್ಷ ಟಿಕೆಟ್ ಕೊಡುವುದು, ಬಿ ಫಾರಂ ಇತ್ಯಾದಿ ಏನೂ ಇಲ್ಲ. ಅಭ್ಯರ್ಥಿ ತನಗೆ ಇಂಥ ಪಕ್ಷ ಇಷ್ಟ ಅಂತ ಬರೆದುಕೊಂಡರೆ ಸಾಕು. 2024ರಲ್ಲಿ ಕಣದಲ್ಲಿ 28 ಜನ ಇದ್ದರು. ರಿಪಬ್ಲಿಕನ್ ಪಕ್ಷದ ಸಮಾವೇಶ ಸೆಮಿ ಬರ್ಡ್ ಅವರನ್ನು ಬೆಂಬಲಿಸಿತ್ತು, ಜನ ಅವರನ್ನು ಮೂರನೇ ಸ್ಥಾನಕ್ಕೆ ತಳ್ಳಿ ಅದೇ ಪಕ್ಷದ ಡೇವ್ ರೈಕರ್ಟ್ ಅವರನ್ನು ಮುಂದಕ್ಕೆ ಕಳಿಸಿದರು. ಕೊನೆಗೆ ಗೆದ್ದದ್ದು ಡೆಮಾಕ್ರಟಿಕ್ ಪಕ್ಷದ ಬಾಬ್ ಫರ್ಗುಸನ್. ನಾಮಪತ್ರದ ಕೊನೆಯ ದಿನ ಅದೇ ಹೆಸರಿನ ಇನ್ನಿಬ್ಬರು ಅರ್ಜಿ ಹಾಕಿದ್ದರು, ಆಮೇಲೆ ಹಿಂದೆ ಸರಿದರು. ಈ ಆಟ ನಮ್ಮವರಿಗೇನೂ ಹೊಸತಲ್ಲ ಬಿಡಿ.

2004ರಲ್ಲಿ ಈ ಪದ್ಧತಿ ಇರಲಿಲ್ಲ. ಆಗ ಪ್ರೈಮರಿ ಸೆಪ್ಟೆಂಬರ್ 14ಕ್ಕೆ, ಪಕ್ಷಕ್ಕೊಂದು ಬೇರೆ ಸ್ಪರ್ಧೆ. ಮತದಾರ ಯಾವುದಾದರೂ ಒಂದು ಪಕ್ಷದ ಪಟ್ಟಿಯಲ್ಲಷ್ಟೇ ಮತ ಹಾಕಬೇಕಿತ್ತು. ಡೆಮಾಕ್ರಟಿಕ್ ಕಡೆ ರಾಜ್ಯದ ಅಟಾರ್ನಿ ಜನರಲ್ (ಸರ್ಕಾರದ ಮುಖ್ಯ ಕಾನೂನು ಅಧಿಕಾರಿ) ಆಗಿದ್ದ ಕ್ರಿಸ್ಟೀನ್ ಗ್ರೆಗ್ವಾರ್ ಅವರು ರಾನ್ ಸಿಮ್ಸ್ ಅವರನ್ನು ಸುಲಭವಾಗಿ ಸೋಲಿಸಿದರು. ಎದುರಿಗೆ ರಿಪಬ್ಲಿಕನ್ ಡೀನೋ ರಾಸಿ.

ನವೆಂಬರ್ 2ರ ಮತದಾನದಲ್ಲಿ ಬಿದ್ದದ್ದು ಸುಮಾರು 28 ಲಕ್ಷ ಮತ. ಮೊದಲ ಎಣಿಕೆಯಲ್ಲಿ ರಾಸಿ 261 ಮತ ಮುಂದೆ. ಅಂತರ 2,000ಕ್ಕಿಂತ ಮತ್ತು ಶೇ 0.5ಕ್ಕಿಂತ ಕಡಿಮೆಯಿದ್ದರೆ ಯಂತ್ರದಲ್ಲಿ ಮರು ಎಣಿಕೆ ಕಡ್ಡಾಯ, ಯಾರೂ ಕೇಳಬೇಕಾಗಿಲ್ಲ. ಅದರಲ್ಲಿ ಅಂತರ 42ಕ್ಕೆ ಇಳಿಯಿತು. ಅದೇ ಕಾಗದ, ಅದೇ ಯಂತ್ರ, ಮೊತ್ತ ಯಾಕೆ ಬದಲಾಯಿತು? ಅಂಡಾಕಾರದ ಖಾನೆಯನ್ನು ಪೂರ್ತಿ ತುಂಬದೆ ಟಿಕ್ ಹಾಕಿದವರು, ಸುತ್ತು ಎಳೆದವರು ಇರುತ್ತಾರೆ. ಯಂತ್ರ ಅದನ್ನು ಖಾಲಿ ಎಂದು ಬಿಟ್ಟುಬಿಡುತ್ತದೆ. ಅಂಥ ಮತಪತ್ರವನ್ನು ಸಿಬ್ಬಂದಿ ಕಣ್ಣಿನಿಂದ ನೋಡಿ, ಮತದಾರನ ಉದ್ದೇಶ ಸ್ಪಷ್ಟವಿದ್ದರೆ ಸೇರಿಸುತ್ತಾರೆ.

ಮೂರನೆಯ ಎಣಿಕೆ ಕೈಯಿಂದ. ಇದು ಬೇಕೆಂದ ಪಕ್ಷವೇ ದುಡ್ಡು ಕಟ್ಟಬೇಕಿತ್ತು. ಡೆಮಾಕ್ರಟರು ಸುಮಾರು 7.3 ಲಕ್ಷ ಡಾಲರ್ ಠೇವಣಿ ಇಟ್ಟರು. ಫಲಿತಾಂಶ ಬದಲಾದರೆ ಹಣ ವಾಪಸ್.

ಎಲ್ಲರೂ ಕೈ ಎಣಿಕೆಯ ಬಗ್ಗೆಯೇ ಮಾತಾಡುತ್ತಾರೆ. ನನ್ನ ಪ್ರಕಾರ ನಿಜವಾದ ಜಗಳ ಎಣಿಕೆಯದ್ದಲ್ಲ, ಯಾವ ಲಕೋಟೆ ತೆರೆಯಬೇಕು ಎನ್ನುವುದರದ್ದು. ಅಂಚೆ ಮತದಲ್ಲಿ ಹೊರಲಕೋಟೆಯ ಮೇಲೆ ಮತದಾರ ಸಹಿ ಹಾಕಿರುತ್ತಾನೆ. ಆ ಸಹಿ ಕಡತದ ಸಹಿಗೆ ತಾಳೆಯಾದ ಮೇಲೆಯೇ ಮತಪತ್ರ ಹೊರಗೆ ಬರುವುದು. ಒಮ್ಮೆ ಬೇರ್ಪಟ್ಟರೆ ಯಾರ ಮತ ಯಾವುದು ಅಂತ ಬ್ರಹ್ಮನಿಗೂ ಹೇಳಲಾಗದು. ಸಿಯಾಟಲ್ ಇರುವ ಕಿಂಗ್ ಕೌಂಟಿಯಲ್ಲಿ (ಕೌಂಟಿ ಅಂದರೆ ನಮ್ಮ ಜಿಲ್ಲೆಯಂತೆ) 573 ಲಕೋಟೆಗಳನ್ನು ಸಹಿ ಕಂಪ್ಯೂಟರಿನಲ್ಲಿ ಇಲ್ಲ ಅಂತ ತಿರಸ್ಕರಿಸಿದ್ದರು. ಹಳೆಯ ನೋಂದಣಿ ಕಾರ್ಡ್ ಹುಡುಕಿ ನೋಡಬೇಕಿತ್ತು, ನೋಡಿರಲಿಲ್ಲ. ಅದು ಬಯಲಾದದ್ದು ಕೌಂಟಿ ಕೌನ್ಸಿಲ್ ಸದಸ್ಯ ಲ್ಯಾರಿ ಫಿಲಿಪ್ಸ್ ತಿರಸ್ಕೃತರ ಪಟ್ಟಿಯಲ್ಲಿ ತಮ್ಮದೇ ಹೆಸರು ಕಂಡಾಗ. ಹುಡುಕುತ್ತಾ ಹೋದಂತೆ ಸಂಖ್ಯೆ 735ಕ್ಕೆ ಏರಿತು. ಡಿಸೆಂಬರ್ 22ರಂದು ರಾಜ್ಯದ ಸುಪ್ರೀಂ ಕೋರ್ಟ್ ಇವನ್ನೂ ಪರಿಗಣಿಸಬಹುದು ಎಂದಿತು. ಅವಿಲ್ಲದೆಯೂ ಗ್ರೆಗ್ವಾರ್ 10 ಮತ ಮುಂದಿದ್ದರು. ಸೇರಿದ ಮೇಲೆ 129. ಒಟ್ಟು 13,73,361 ಮತ್ತು 13,73,232. ಪ್ರಮಾಣೀಕರಿಸಿದ ಸೆಕ್ರೆಟರಿ ಆಫ್ ಸ್ಟೇಟ್ (ರಾಜ್ಯದ ಮುಖ್ಯ ಚುನಾವಣಾಧಿಕಾರಿ) ಸ್ಯಾಮ್ ರೀಡ್ ಸ್ವತಃ ರಿಪಬ್ಲಿಕನ್ ಅನ್ನುವುದನ್ನು ಮರೆಯಬಾರದು.

ಗ್ರೆಗ್ವಾರ್ 2005ರ ಜನವರಿ 12ರಂದು ಪ್ರಮಾಣವಚನ ಸ್ವೀಕರಿಸಿದರು. ರಿಪಬ್ಲಿಕನ್ನರು ಅದೇ ರಾಜ್ಯದ ವೆನಾಚಿ ಊರಿನ ನ್ಯಾಯಾಲಯಕ್ಕೆ ಹೋದರು. ಅಕ್ರಮ ಮತ 1,678 ಎಂದು ನ್ಯಾಯಾಧೀಶ ಜಾನ್ ಬ್ರಿಜಸ್ ಒಪ್ಪಿದರು, ಅಂದರೆ ಗೆಲುವಿನ ಅಂತರದ ಹತ್ತು ಪಟ್ಟಿಗೂ ಮೀರಿ. ಆದರೂ ಅರ್ಜಿ ವಜಾ. ಯಾಕೆಂದರೆ ಆ ಮತಗಳು ಯಾರಿಗೆ ಬಿದ್ದವು ಅಂತ ಸಾಬೀತಾಗಲಿಲ್ಲ. ಆಯಾ ಮತಗಟ್ಟೆಯ ಶೇಕಡಾವಾರು ಪ್ರಕಾರ ಕಳೆಯಿರಿ ಎಂಬ ವಾದವನ್ನು ಅವರು ಒಪ್ಪಲಿಲ್ಲ. ಮತದಾನದ ಹಕ್ಕು ಕಳೆದುಕೊಂಡಿದ್ದ ನಾಲ್ವರು ಅಪರಾಧಿಗಳು ತಾವು ಮತ ಹಾಕಿದ್ದು ರಾಸಿಗೇ ಎಂದು ಹೇಳಿದ್ದರಿಂದ ರಾಸಿ ಲೆಕ್ಕದಿಂದಲೇ 4 ಕಳೆದು, ಅಂತರ 133 ಆಯಿತು. ದಾವೆ ಹೂಡಿದ್ದಕ್ಕೆ ಸಿಕ್ಕಿದ್ದು ಇದು! ರಾಸಿ ಮೇಲ್ಮನವಿ ಹಾಕಲಿಲ್ಲ. 2008ರಲ್ಲಿ ಇಬ್ಬರೂ ಮತ್ತೆ ಎದುರಾದರು, ಆಗಲೂ ಗ್ರೆಗ್ವಾರ್ ಅವರೇ ಗೆದ್ದರು.

ನಮ್ಮಲ್ಲಿ ಅಂತರ ಎಷ್ಟೇ ಕಡಿಮೆಯಿದ್ದರೂ ಮರು ಎಣಿಕೆ ತಾನಾಗಿ ಆಗುವುದಿಲ್ಲ. ಅಭ್ಯರ್ಥಿ ಲಿಖಿತವಾಗಿ ಕೇಳಬೇಕು, ಒಪ್ಪುವುದು ಬಿಡುವುದು ಚುನಾವಣಾಧಿಕಾರಿಯ ವಿವೇಚನೆ. ಅದೇ 2004ರಲ್ಲಿ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಒಂದೇ ಒಂದು ಮತದಿಂದ ಗೆದ್ದದ್ದು ನಿಮಗೆ ನೆನಪಿರಬಹುದು. ವಾಷಿಂಗ್ಟನ್ನಿನಲ್ಲಿ ಈಗ ಅಂತರ 1,000ಕ್ಕಿಂತ ಮತ್ತು ಶೇ 0.25ಕ್ಕಿಂತ ಕಡಿಮೆಯಾದರೆ ರಾಜ್ಯವ್ಯಾಪಿ ಸ್ಪರ್ಧೆಗೆ ಕೈ ಎಣಿಕೆಯೇ ಕಡ್ಡಾಯ.

ಈಗ ಬಹುತೇಕ ಎಲ್ಲ ಮತವೂ ಅಂಚೆಯದ್ದೇ. ಮತಪತ್ರ 18 ದಿನ ಮೊದಲು ಮನೆಗೆ ಹೊರಡುತ್ತದೆ. ಚುನಾವಣೆಯ ದಿನ ರಾತ್ರಿ 8ರೊಳಗೆ ಡ್ರಾಪ್ ಬಾಕ್ಸಿಗೆ ಹಾಕಬೇಕು, ಇಲ್ಲವೇ ಅಂದಿನೊಳಗಿನ ಅಂಚೆ ಮುದ್ರೆ ಇರಬೇಕು. ಅದಕ್ಕೇ ಫಲಿತಾಂಶ ದಿನಗಟ್ಟಲೆ ಹೊಯ್ದಾಡುವುದು. ಸಿಯಾಟಲ್ ಪಕ್ಕದ ಬೆಲ್‌ವ್ಯೂ, ರೆಡ್ಮಂಡ್ ಕಡೆ ಪೌರತ್ವ ಪಡೆದ ನಿಮ್ಮವರಿದ್ದರೆ ಒಂದು ಮಾತು ಹೇಳಿ: ಡ್ರೈವಿಂಗ್ ಲೈಸೆನ್ಸಿನಲ್ಲಿ ಇಂಗ್ಲಿಷ್ ಸಹಿ, ಲಕೋಟೆಯ ಮೇಲೆ ಕನ್ನಡ ಸಹಿ ಹಾಕಿದರೆ ತಾಳೆಯಾಗದೆ ಮತ ಅಲ್ಲೇ ನಿಲ್ಲುತ್ತದೆ. ಆಗ ಕೌಂಟಿಯಿಂದ ಪತ್ರ ಬರುತ್ತದೆ. ನವೆಂಬರ್ ಚುನಾವಣೆಯಾದರೆ ಕೌಂಟಿ ಫಲಿತಾಂಶ ಪ್ರಮಾಣೀಕರಿಸುವುದು 21ನೇ ದಿನ. ಅದರ ಹಿಂದಿನ ದಿನದೊಳಗೆ ಸಹಿ ಸರಿಪಡಿಸಿ ಕಳಿಸಿದರೆ ಮತ ಲೆಕ್ಕಕ್ಕೆ ಸೇರುತ್ತದೆ.